ಶಾಲೆಯ ಹೊರಗೆ ಬೆಳೆದ ಸನ್ನೆ ಭಾಷೆ

ಕರ್ನಾಟಕದಲ್ಲಿ ಕಿವುಡ ಮಕ್ಕಳ ಓದಿನ ಚರಿತ್ರೆ ಮೈಸೂರಿನಿಂದ ಶುರುವಾಗುತ್ತದೆ. 1901ರಲ್ಲಿ ಎಂ. ಶ್ರೀನಿವಾಸರಾಯರು ಅಲ್ಲಿ ಕಿವುಡರಿಗೂ ಕುರುಡರಿಗೂ ಸೇರಿ ಒಂದು ಶಾಲೆ ತೆರೆದರು. ಮುಂಬಯಿಯಲ್ಲಿ 1885ರ ಹೊತ್ತಿಗೇ ಕಿವುಡರ ಶಾಲೆಯೊಂದು ನಡೆಯುತ್ತಿತ್ತು. ಉತ್ತರ ಕರ್ನಾಟಕದ ಶಹಾಪುರ, ಸುರಪುರದ ಸೀಮೆಗೆ ಮಾತ್ರ ಇವೆರಡೂ ಪರರಾಜ್ಯದ ಸಂಗತಿ. ಈ ನೆಲ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮುಂದೆ ಸರ್ಕಾರ ಮೈಸೂರು, ಬೆಳಗಾವಿ, ಬಳ್ಳಾರಿ, ಕಲಬುರಗಿಗಳಲ್ಲಿ ಕಿವುಡ ಮಕ್ಕಳ ಶಾಲೆಗಳನ್ನು ನಡೆಸಿತು. ಶಹಾಪುರದ ಹಳ್ಳಿಗಳಿಗಾಗಲಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಂದ ಬೆಳೆದ ಭೀಮರಾಯನಗುಡಿಗಾಗಲಿ ಇವುಗಳಲ್ಲಿ ಹತ್ತಿರದ್ದು ಕಲಬುರಗಿ. ಐದಾರು ವರ್ಷದ ಮಗುವನ್ನು ಅಷ್ಟು ದೂರ ಬಿಟ್ಟಿರಲು ಒಪ್ಪದ ತಾಯಿತಂದೆಯರನ್ನು ದೂರುವಂತಿಲ್ಲ. ಆದರೆ ಹಾಗೆ ಮನೆಯಲ್ಲೇ ಉಳಿದ ಮಗುವಿಗೆ ಶಾಲೆಯಷ್ಟೇ ಅಲ್ಲ, ತನ್ನಂಥವರ ಒಡನಾಟವೂ ತಪ್ಪಿತು.

ಶಾಲೆ ಸೇರಿದವರ ಪಾಡೂ ಸುಲಭದ್ದಾಗಿರಲಿಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಕೂಡದು ಎಂದು ನಿರ್ಣಯಿಸಿತ್ತು. ಆ ಧೋರಣೆ ಭಾರತದ ತರಗತಿಗಳಿಗೂ ಬಂತು. ಮಕ್ಕಳು ಗುರುಗಳ ತುಟಿ ನೋಡಿ ಮಾತು ಗ್ರಹಿಸಬೇಕಿತ್ತು. ಕನ್ನಡದಲ್ಲಿ ಇದು ಎಷ್ಟು ಕಷ್ಟವೆಂಬುದಕ್ಕೆ ‘ಬರ’, ‘ಮರ’, ‘ಪರ’ ಎಂಬ ಮೂರು ಪದಗಳೇ ಸಾಕು: ಮೂರಕ್ಕೂ ತುಟಿಗಳು ಒಂದೇ ರೀತಿ ಮುಚ್ಚಿ ತೆರೆಯುತ್ತವೆ, ನೋಡುವ ಕಣ್ಣಿಗೆ ವ್ಯತ್ಯಾಸವೇ ಕಾಣದು. ಪಾಠದ ಹೊತ್ತು ಕಳೆದ ಮೇಲೆ ಮಕ್ಕಳು ತಮ್ಮತಮ್ಮೊಳಗೆ ಮಾತಾಡಿಕೊಂಡದ್ದು ಕೈಯಿಂದಲೇ. ಹಿರಿಯ ಮಕ್ಕಳಿಂದ ಕಿರಿಯರಿಗೆ, ಹಾಸ್ಟೆಲಿನಿಂದ ಕಿವುಡರ ಸಂಘಗಳಿಗೆ ಸನ್ನೆ ಭಾಷೆ ದಾಟಿತು.

ಶಾಲೆಯ ಹಂಗೇ ಇಲ್ಲದೆ ಸನ್ನೆ ಭಾಷೆ ಹುಟ್ಟಿದ ಊರೂ ಕರ್ನಾಟಕದಲ್ಲಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಯಾ ಮುಸ್ಲಿಮರೇ ಹೆಚ್ಚು. ಸಂಬಂಧದೊಳಗಿನ ಮದುವೆಗಳಿಂದಾಗಿ ಹುಟ್ಟು ಕಿವುಡುತನ ಪೀಳಿಗೆಯಿಂದ ಪೀಳಿಗೆಗೆ ಹರಿದುಬಂದಿದೆ. ಅಲ್ಲಿನ ಕಿವುಡರು ಸುಮಾರು 150 ಮಂದಿ. ಅವರೊಡನೆ ಸನ್ನೆಯಲ್ಲಿ ಮಾತಾಡಬಲ್ಲ, ಕಿವಿ ಕೇಳುವ ಜನರ ಸಂಖ್ಯೆ ಅದರ ಎಷ್ಟೋ ಪಟ್ಟು. ಸ್ವತಃ ಕಿವುಡರಾದ ಸಂಶೋಧಕ ಸಿಬಾಜಿ ಪಾಂಡಾ ಈ ಭಾಷೆಯನ್ನು ಅಧ್ಯಯನ ಮಾಡಿ 2012ರಲ್ಲಿ ಅದರ ಪರಿಚಯವನ್ನು ಪ್ರಕಟಿಸಿದರು. ಊರಿಗೆ ಊರೇ ಸನ್ನೆ ಬಲ್ಲದ್ದಾದರೆ ಕಿವುಡ ವ್ಯಕ್ತಿಗೆ ದುಭಾಷಿಯ ಅಗತ್ಯವೇ ಎಷ್ಟೋ ತಗ್ಗುತ್ತದೆ. ಬೇರೆ ಊರುಗಳಿಗೆ ಆ ಭಾಗ್ಯವಿಲ್ಲ.

ನಗರಗಳ ಸನ್ನೆಯನ್ನು ವಿದ್ವಾಂಸರು ಭಾಷೆಯೆಂದು ಅಭ್ಯಾಸ ಮಾಡತೊಡಗಿದ್ದು 1970ರ ದಶಕದಲ್ಲಿ. ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತು ಸಂಗಡಿಗರು ದಿಲ್ಲಿ, ಕಲ್ಕತ್ತಾ, ಮುಂಬಯಿಗಳ ಜೊತೆ ಬೆಂಗಳೂರಿನ ಸನ್ನೆಗಳನ್ನೂ ದಾಖಲಿಸಿದರು. ಪದಗಳು ಊರಿಂದೂರಿಗೆ ಬದಲಾದರೂ ವ್ಯಾಕರಣ ಬಹುಮಟ್ಟಿಗೆ ಒಂದೇ ಎಂಬುದು ಹೊರಬಿತ್ತು. ಈ ಸನ್ನೆ ಭಾಷೆ ಕನ್ನಡವನ್ನೋ ಹಿಂದಿಯನ್ನೋ ಕೈಯಲ್ಲಿ ತೋರಿಸುವ ಉಪಾಯವಲ್ಲ. ‘ಏನು’, ‘ಎಲ್ಲಿ’ ಮುಂತಾದ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ; ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯನ್ನು ಏರಿಸಿದ ಹುಬ್ಬೇ ಕೇಳುತ್ತದೆ.

ಕಾನೂನು ಸನ್ನೆಯನ್ನು ಬಹಳ ಹಿಂದೆಯೇ ಕಂಡಿತ್ತು. ಮಾತು ಬಾರದ ಸಾಕ್ಷಿ ಬರೆದೋ ಸನ್ನೆಯಿಂದಲೋ ಹೇಳಿದ್ದನ್ನು ಮೌಖಿಕ ಸಾಕ್ಷ್ಯವೆಂದೇ ಎಣಿಸಬೇಕೆಂದು 1872ರ ಸಾಕ್ಷ್ಯ ಕಾಯ್ದೆಯ 119ನೇ ಕಲಮು ವಿಧಿಸಿತ್ತು. ಆದರೆ ಆ ಸನ್ನೆಯನ್ನು ಅರ್ಥ ಮಾಡಿ ಹೇಳುವವರು ಯಾರು? ಮನೆಯವರೇ ಆ ಕೆಲಸಕ್ಕೆ ನಿಂತರೆ, ದೂರು ಮನೆಯವರ ಮೇಲೆಯೇ ಇದ್ದಾಗ ಹೆಣ್ಣುಮಗಳೊಬ್ಬಳ ಹೇಳಿಕೆಗೆ ರಕ್ಷಣೆ ಎಲ್ಲಿಯದು? ದಿಲ್ಲಿಯಲ್ಲಿ ನಡೆದ ಅತ್ಯಾಚಾರ ಪ್ರಕರಣವೊಂದರ ಬಳಿಕ ಆ ಕಾಯ್ದೆಗೆ ಬಂದ 2013ರ ತಿದ್ದುಪಡಿ ಇದಕ್ಕೆ ಉತ್ತರ ಕೊಟ್ಟಿತು: ಇಂಥ ಸಾಕ್ಷಿಯ ಹೇಳಿಕೆ ಪಡೆಯುವಾಗ ನ್ಯಾಯಾಲಯ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಹೇಳಿಕೆಯ ವಿಡಿಯೊ ಚಿತ್ರೀಕರಣವಾಗಬೇಕು.

ಹಕ್ಕುಗಳ ವಿಷಯದಲ್ಲಿ 1995ರ ಅಂಗವಿಕಲರ ಕಾಯ್ದೆಯಿಂದ ಕಿವುಡರಿಗೆ ಮುಖ್ಯವಾಗಿ ದಕ್ಕಿದ್ದು ಸರ್ಕಾರಿ ಹುದ್ದೆಗಳಲ್ಲಿ ಶೇ. 1ರ ಮೀಸಲಾತಿ. 2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿದ ಮೇಲೆ ಬಂದ 2016ರ ಕಾಯ್ದೆ, ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡುವ ಹೊಣೆಯನ್ನೂ ಸರ್ಕಾರದ ಮೇಲೆ ಹೊರಿಸಿತು. ದಿಲ್ಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಎರಡು ವರ್ಷದ ದುಭಾಷಿ ಡಿಪ್ಲೊಮಾ ನಡೆಸುತ್ತದೆ. 2021ರಲ್ಲಿ ಅದರ ನಿಘಂಟು 10,000 ಪದಗಳಿಗೆ ಬೆಳೆಯಿತು.

ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ, 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿಗೆ ದುಭಾಷಿಯೊಡನೆ ಹಾಜರಾದರು. ಅಲ್ಲಿಯವರೆಗೆ ಕಿವುಡರು ಕೋರ್ಟಿಗೆ ಹೆಚ್ಚಾಗಿ ಬರುತ್ತಿದ್ದುದು ಸಾಕ್ಷಿಯಾಗಿಯೋ ಕಕ್ಷಿದಾರರಾಗಿಯೋ. ಹೈಕೋರ್ಟಿನಲ್ಲಿ ವಾದ ಮಂಡಿಸಿದ್ದು ಸ್ವತಃ ಕಿವುಡ ವಕೀಲೆ. ಅದೇ ವರ್ಷ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, ದುಭಾಷಿ ಮತ್ತು ಚಿತ್ರೀಕರಣದ ನಿಯಮವನ್ನು ತನ್ನ 125ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಹೈಕೋರ್ಟಿಗೆ ಎಷ್ಟೋ ಅಷ್ಟೇ ಶಹಾಪುರ, ಸುರಪುರದ ತಾಲ್ಲೂಕು ಕೋರ್ಟುಗಳಿಗೂ ಅದು ಅನ್ವಯಿಸುತ್ತದೆ.