ಊರಿಗೆ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್ ಬಂದರೆ ಮನೆ ಬೆಲೆ ಬೀಳುತ್ತದೆಯೇ? ಮೌಂಟ್ ಲಾರೆಲ್‌ನಲ್ಲಿ ಆಗಿದ್ದೇನು

ಅಮೆರಿಕದ ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಕಡಿಮೆಯೇನಿಲ್ಲ. ನಿಮ್ಮ ನೆಂಟರೋ ಸ್ನೇಹಿತರೋ ಅಲ್ಲಿದ್ದರೆ ಇಂಥ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು: ನಮ್ಮ ಟೌನಿನಲ್ಲಿ ರೀಜೋನಿಂಗ್ ಮಾಡುತ್ತಿದ್ದಾರೆ, ಪುಕ್ಕಟೆ ಮನೆ ಕಟ್ಟಿಕೊಡುತ್ತಾರೆ, ಕಳ್ಳತನ ಹೆಚ್ಚುತ್ತದೆ, ಮನೆ ಬೆಲೆ ಬೀಳುತ್ತದೆ, ಟ್ಯಾಕ್ಸ್ ಏರುತ್ತದೆ, ಎಲ್ಲರೂ ಸಭೆಗೆ ಬಂದು ವಿರೋಧಿಸಿ. ಈ ಭಯಗಳಲ್ಲಿ ಮುಖ್ಯವಾದವನ್ನು ಅದೇ ರಾಜ್ಯದ ಒಂದು ಊರಿನಲ್ಲಿ ಸಂಶೋಧಕರು ಲೆಕ್ಕ ಹಾಕಿ ನೋಡಿದ್ದಾರೆ.

ಮೊದಲು ರೀಜೋನಿಂಗ್ ಎಂದರೇನು ನೋಡೋಣ. ಇದು ನಮ್ಮಲ್ಲಿ ಹೊಲವನ್ನು ಸೈಟ್ ಮಾಡಲು ಮಾಡಿಸುವ ಡಿಸಿ ಕನ್ವರ್ಷನ್ ಅಲ್ಲ. ಮಾಸ್ಟರ್ ಪ್ಲಾನ್‌ನಲ್ಲಿ ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ಬಣ್ಣ ಬದಲಿಸುವುದಕ್ಕೆ ಹೆಚ್ಚು ಹತ್ತಿರ. ಅಮೆರಿಕದ ಎಷ್ಟೋ ಉಪನಗರಗಳಲ್ಲಿ ವಸತಿ ಜಾಗದ ಬಹುಪಾಲಿನಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಎಂಬ ನಿಯಮವಿದೆ. ಸೈಟ್ ಇಷ್ಟು ದೊಡ್ಡದಿರಲೇಬೇಕು ಎಂಬ ಷರತ್ತೂ ಇರುತ್ತದೆ. ಅಂಥ ಕಡೆ ನಾಲ್ಕು ಮನೆಗಳ ಒಂದು ಚಿಕ್ಕ ಕಟ್ಟಡ ಕಟ್ಟಿದರೂ ಕಾನೂನುಬಾಹಿರ. ರೀಜೋನಿಂಗ್ ಈ ತಡೆಯನ್ನು ತೆಗೆಯುತ್ತದೆ, ಅಷ್ಟೇ. ಈಗಿರುವ ಮನೆಯನ್ನು ಯಾರೂ ಒಡೆಯುವುದಿಲ್ಲ, ಮಾರಿ ಎಂದು ಒತ್ತಾಯಿಸುವುದಿಲ್ಲ.

"ಪುಕ್ಕಟೆ ಮನೆ" ಎಂಬ ಮಾತೂ ಸರಿಯಲ್ಲ. ಇಲ್ಲಿರುವವರು ಬಾಡಿಗೆ ಕಟ್ಟುತ್ತಾರೆ, ಆದರೆ ಆ ಬಾಡಿಗೆಯನ್ನು ಆದಾಯಕ್ಕೆ ತಕ್ಕಂತೆ ನಿಗದಿ ಮಾಡಲಾಗಿರುತ್ತದೆ. ಅರ್ಹತೆ ಲೆಕ್ಕ ಹಾಕುವ ಕ್ರಮ ಹೀಗಿದೆ: ಒಂದು ಪ್ರದೇಶದ ಕುಟುಂಬಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಕುಟುಂಬದ ಆದಾಯವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದರ ಶೇ. 50ರೊಳಗಿನವರು ಕಡಿಮೆ ಆದಾಯದವರು, ಶೇ. 50ರಿಂದ 80ರವರೆಗಿನವರು ಸಾಧಾರಣ ಆದಾಯದವರು. ನ್ಯೂಜೆರ್ಸಿಯಲ್ಲಿ ಆ ನಡುಮಟ್ಟ ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್. ಅಂದರೆ ಶಾಲಾ ಬಸ್ ಚಾಲಕರು, ಆಸ್ಪತ್ರೆಯ ಸಹಾಯಕರು, ಅಂಗಡಿಯ ಕ್ಯಾಷಿಯರ್‌ಗಳು, ಈಗಷ್ಟೇ ಕೆಲಸಕ್ಕೆ ಸೇರಿದ ಶಿಕ್ಷಕರು ಈ ಪಟ್ಟಿಯಲ್ಲಿ ಬರಬಹುದು. ಊರಿಗೆ ಇವರ ಕೆಲಸ ಬೇಕು. ಇವರು ಅಲ್ಲೇ ವಾಸ ಮಾಡಬಹುದೇ ಎಂಬುದೇ ಜಗಳ.

ಈ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದ್ದು ಫಿಲಡೆಲ್ಫಿಯಾ ಸಮೀಪದ ಮೌಂಟ್ ಲಾರೆಲ್ ಎಂಬ ಊರಿನಿಂದ. ಅಲ್ಲಿ ತಲೆಮಾರುಗಳಿಂದ ಕೃಷಿ ಕೆಲಸ ಮಾಡಿಕೊಂಡಿದ್ದ ಕಪ್ಪು ಕುಟುಂಬಗಳಿದ್ದವು. 1960ರ ದಶಕದಲ್ಲಿ ಹೊಲಗಳೆಲ್ಲ ಬಡಾವಣೆಗಳಾದವು, ಬೆಲೆ ಏರಿತು. ಕೆಲವರು ಹಳೆಯ ಕೋಳಿಗೂಡುಗಳನ್ನೇ ಮನೆ ಮಾಡಿಕೊಂಡು ಬದುಕುತ್ತಿದ್ದರು. ಎಥೆಲ್ ಲಾರೆನ್ಸ್ ಎಂಬ ಮಹಿಳೆ ಮತ್ತು ಅವರ ಜೊತೆಗಾರರು ಕೇಳಿದ್ದು 36 ಅಪಾರ್ಟ್‌ಮೆಂಟ್ ಕಟ್ಟಲು ಅನುಮತಿ, ಅಷ್ಟೇ. 1970ರಲ್ಲಿ ಚರ್ಚ್‌ನಲ್ಲಿ ಸೇರಿದ್ದ ಜನರೆದುರು ಮೇಯರ್ ಕೊಟ್ಟ ಉತ್ತರದ ತಾತ್ಪರ್ಯ, ಇಲ್ಲಿರಲು ನಿಮ್ಮಿಂದ ಆಗದಿದ್ದರೆ ಊರು ಬಿಡಬೇಕಾಗುತ್ತದೆ ಎಂಬುದು.

ಅವರು ಊರು ಬಿಡಲಿಲ್ಲ, ದಾವೆ ಹೂಡಿದರು. 1975ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್, ಬೆಳೆಯುತ್ತಿರುವ ಊರುಗಳು ಜೋನಿಂಗ್ ನೆಪದಲ್ಲಿ ಕಡಿಮೆ ಆದಾಯದವರನ್ನು ಹೊರಗಿಡುವಂತಿಲ್ಲ, ಪ್ರದೇಶದ ಅಗತ್ಯದಲ್ಲಿ ತಮ್ಮ ನ್ಯಾಯವಾದ ಪಾಲನ್ನು ಹೊರಬೇಕು ಎಂದು ತೀರ್ಪು ಕೊಟ್ಟಿತು. ಊರುಗಳು ಜಗ್ಗಲಿಲ್ಲ. 1983ರ ಎರಡನೇ ತೀರ್ಪು ಚಾಟಿ ಬೀಸಿತು, 1985ರಲ್ಲಿ ರಾಜ್ಯ ಕಾನೂನೂ ಬಂತು. ಆಮೇಲೂ ಒಂದು ಕಳ್ಳದಾರಿ ಉಳಿದಿತ್ತು. ಶ್ರೀಮಂತ ಊರು ಬಡ ನಗರಕ್ಕೆ ದುಡ್ಡು ಕೊಟ್ಟು ತನ್ನ ಪಾಲಿನ ಅರ್ಧದಷ್ಟು ಮನೆಗಳನ್ನು ಅಲ್ಲಿಗೆ ಸಾಗಹಾಕಬಹುದಿತ್ತು. ಅದು ನಿಂತಿದ್ದು 2008ರಲ್ಲಿ.

ಎಥೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ವಸತಿ ಸಮುಚ್ಚಯಕ್ಕೆ ಬಾಡಿಗೆದಾರರು ಬಂದಿದ್ದು 2000ದ ಕೊನೆಗೆ. ಮೊದಲು 100 ಮನೆ, ಆಮೇಲೆ 40 ಮನೆ. ಅದಕ್ಕೆ ಮುಂಚಿನ ಸಾರ್ವಜನಿಕ ಸಭೆಗಳಲ್ಲಿ ಊರವರು ಹೇಳಿದ ಭಯಗಳಿಗೂ ಈಗ ಫಾರ್ವರ್ಡ್‌ಗಳಲ್ಲಿ ಬರುವವಕ್ಕೂ ಅಂಥ ವ್ಯತ್ಯಾಸವಿಲ್ಲ: ಅಪರಾಧ, ಮನೆ ಬೆಲೆ, ತೆರಿಗೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ತಂಡದವರು ಈ ಮೂರನ್ನೂ ಪರೀಕ್ಷಿಸಿ 2013ರಲ್ಲಿ ಪುಸ್ತಕ ಪ್ರಕಟಿಸಿದರು. ಮನೆಗಳು ಬರುವ ಮೊದಲು ಮತ್ತು ನಂತರದ ಅಂಕಿಅಂಶಗಳನ್ನು ತೆಗೆದುಕೊಂಡು, ಅಂಥ ಯೋಜನೆ ಇಲ್ಲದ ನೆರೆಯ ಊರುಗಳ ಜೊತೆ ಹೋಲಿಸಿದರು. ಈ ಹೋಲಿಕೆ ಬಹಳ ಮುಖ್ಯ. ಇಡೀ ರಾಜ್ಯದಲ್ಲೇ ಬೆಲೆ ಬಿದ್ದ ವರ್ಷದಲ್ಲಿ ಯಾರು ಬೇಕಾದರೂ "ನೋಡಿ, ಅಪಾರ್ಟ್‌ಮೆಂಟ್ ಬಂತು, ಬೆಲೆ ಬಿತ್ತು" ಎನ್ನಬಹುದು. ಫಲಿತಾಂಶ: ಅಪರಾಧ, ಮನೆ ಬೆಲೆ, ತೆರಿಗೆ ಮೂರರ ಮೇಲೂ ಈ ವಸತಿಯಿಂದ ಪರಿಣಾಮ ಕಾಣಲಿಲ್ಲ. ಪಕ್ಕದ ಬಡಾವಣೆಗಳವರನ್ನು ಕೇಳಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಅಂಥದ್ದೊಂದು ವಸತಿ ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ!

ಒಳಗೆ ಬಂದವರ ಪರಿಸ್ಥಿತಿ ಮಾತ್ರ ಬದಲಾಗಿತ್ತು. ಅರ್ಜಿ ಹಾಕಿಯೂ ಮನೆ ಸಿಗದವರ ಜೊತೆ ಹೋಲಿಸಿದರೆ ಇವರಲ್ಲಿ ಮಾನಸಿಕ ಒತ್ತಡ ಕಡಿಮೆ, ದುಡಿಮೆ ಹೆಚ್ಚು. ಮಕ್ಕಳು ಉತ್ತಮ ಶಾಲೆಗಳಿಗೆ ಹೋಗುತ್ತಿದ್ದರು, ಓದಿಗೆ ಹೆಚ್ಚು ಸಮಯ ಕೊಡುತ್ತಿದ್ದರು.

ಹಾಗೆಂದು ಎಲ್ಲ ಊರಲ್ಲೂ ಹೀಗೇ ಆಗುತ್ತದೆ ಎಂದು ಇದೊಂದರಿಂದ ಹೇಳಲಾಗದು. ಅಲ್ಲಿನ ಕಟ್ಟಡಗಳು ಸುತ್ತಲಿನ ಮನೆಗಳಿಗೆ ಹೊಂದುವಂತಿದ್ದವು, ಬಾಡಿಗೆದಾರರ ಹಿನ್ನೆಲೆ ಪರಿಶೀಲನೆ ಇತ್ತು, ನಿರ್ವಹಣೆ ಬಿಗಿಯಾಗಿತ್ತು. ಬಡತನವನ್ನೆಲ್ಲ ಒಂದೇ ಜಾಗಕ್ಕೆ ತುಂಬಿ, ನಿರ್ವಹಣೆ ಮರೆತ ಹಳೆಯ ಸರ್ಕಾರಿ ವಸತಿ ಗೋಪುರಗಳ ಕಥೆ ಬೇರೆ. ಭಯದ ಸಂದೇಶಗಳ ಜೊತೆ ಫೋಟೋ ಇದ್ದರೆ ಅದು ಯಾವ ಬಗೆಯ ಕಟ್ಟಡ ಎಂದು ಒಮ್ಮೆ ನೋಡಿ.

"ಎಲ್ಲರೂ ಸೇರಿ ಬೇಡ ಎಂದರೆ ಊರು ಇದ್ದಂತೆಯೇ ಇರುತ್ತದೆ" ಎಂಬ ಮಾತಂತೂ ನ್ಯೂಜೆರ್ಸಿಯಲ್ಲಿ ಅಪಾಯಕಾರಿ. ಯೋಜನೆಯನ್ನೇ ಮಾಡದ ಊರಿನ ಮೇಲೆ ಬಿಲ್ಡರ್ ದಾವೆ ಹೂಡಿ, ಒಂದು ಪಾಲು ಮನೆಗಳನ್ನು ಕಡಿಮೆ ಆದಾಯದವರಿಗೆ ಮೀಸಲಿಡುವ ಷರತ್ತಿನ ಮೇಲೆ, ಊರಿನ ಜೋನಿಂಗ್ ಮೀರಿದ ಕಟ್ಟಡಕ್ಕೆ ಕೋರ್ಟಿನಿಂದ ಅನುಮತಿ ಪಡೆಯಬಹುದು. ಆಗ ಎಲ್ಲಿ, ಎಷ್ಟು, ಎಷ್ಟು ಎತ್ತರ ಎಂದು ನಿರ್ಧರಿಸುವ ಹಿಡಿತ ಊರಿನ ಕೈತಪ್ಪುತ್ತದೆ. 2024ರ ಮಾರ್ಚ್‌ನಲ್ಲಿ ಬಂದ ಹೊಸ ಕಾನೂನಿನಡಿ 2025ರಿಂದ 2035ರವರೆಗಿನ ನಾಲ್ಕನೇ ಸುತ್ತು ಶುರುವಾಗಿದೆ. ಊರುಗಳು ತಮ್ಮ ಯೋಜನೆ ಸಲ್ಲಿಸಲು 2025ರ ಜೂನ್ 30 ಗಡುವಾಗಿತ್ತು. ಸಂದೇಶಗಳು ಈಗ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ವಿರೋಧಿಸುವವರ ಎಲ್ಲ ಮಾತೂ ಸುಳ್ಳಲ್ಲ. ಮಳೆನೀರು ಎಲ್ಲಿಗೆ ಹರಿಯುತ್ತದೆ, ರಸ್ತೆ ಸಾಕೇ ಎಂಬುವು ನಿಜವಾದ ಪ್ರಶ್ನೆಗಳು. ಶಾಲೆಯ ವಿಷಯದಲ್ಲಿ, ಒಂದು ಅಪಾರ್ಟ್‌ಮೆಂಟಿಗೆ ಹೋಲಿಸಿದರೆ ಒಂದು ದೊಡ್ಡ ಬಿಡಿಮನೆಯಿಂದಲೇ ಸರಾಸರಿ ಹೆಚ್ಚು ಮಕ್ಕಳು ಶಾಲೆಗೆ ಬರುತ್ತಾರೆ, ಆದ್ದರಿಂದ "ಅಪಾರ್ಟ್‌ಮೆಂಟ್ ಬಂದರೆ ಶಾಲೆ ತುಂಬಿತು" ಎನ್ನುವುದು ಅವಸರದ ಮಾತು. ಆದರೆ ಕೆಲವು ಯೋಜನೆಗಳಲ್ಲಿ ಬಿಲ್ಡರ್‌ಗಳು ಮಾಮೂಲಿ ಆಸ್ತಿ ತೆರಿಗೆಯ ಬದಲು ಊರಿಗೆ ಒಪ್ಪಂದದ ಮೊತ್ತ ಕಟ್ಟುತ್ತಾರೆ. ದೀರ್ಘಾವಧಿಯ ಇಂಥ ಒಪ್ಪಂದದಲ್ಲಿ ಶೇ. 95 ಊರಿನ ಆಡಳಿತಕ್ಕೆ, ಶೇ. 5 ಕೌಂಟಿಗೆ. ಶಾಲಾ ಮಂಡಳಿಗೆ ನೇರವಾಗಿ ಒಂದು ಡಾಲರ್ ಕೂಡ ಹೋಗುವುದಿಲ್ಲ. ಸಭೆಗೆ ಹೋಗುವ ನಿಮ್ಮ ನೆಂಟರು ಎದ್ದುನಿಂತು ಕೇಳಬೇಕಾದ ಪ್ರಶ್ನೆ ಇದು: ಈ ಕಟ್ಟಡಕ್ಕೆ ಅಂಥ ಒಪ್ಪಂದ ಇದೆಯೇ, ಎಷ್ಟು ವರ್ಷಕ್ಕೆ, ಅದರಲ್ಲಿ ಶಾಲೆಗೆ ಊರು ಕೊಡುವ ಪಾಲೆಷ್ಟು?