ಕ್ಯಾಲ್ಕುಲಸ್ ಗೈಡಿನ ವಂಶಾವಳಿ

ಜೂನ್ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಶಿವಮೊಗ್ಗದ ಪುಸ್ತಕದಂಗಡಿಗಳಲ್ಲಿ ಒಂದೇ ಮಾತುಕತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ ತಂದೆ, ಜತೆಗೆ ದ್ವಿತೀಯ ಪಿಯುಸಿಗೆ ಕಾಲಿಟ್ಟ ಮಗಳು. 'ಮ್ಯಾಥ್ಸಿಗೆ ಒಂದು ಒಳ್ಳೇ ಗೈಡ್ ಕೊಡಿ' ಎಂದರೆ ಅಂಗಡಿಯವರದು ಮರುಪ್ರಶ್ನೆ: 'ಬೋರ್ಡಿಗಾ, ಸಿಇಟಿಗಾ ಸಾರ್?' ತಂದೆ ಮಗಳ ಮುಖ ನೋಡುತ್ತಾರೆ. 'ಎರಡಕ್ಕೂ ಆಗೋ ಹಂಗೆ ಒಂದು ಕೊಡಿ.' ಅಂಗಡಿಯವರು ಏನೂ ಹೇಳದೆ ಎರಡು ದಪ್ಪ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ.

ಆ ಎರಡರ ನಡುವಿನ ಆಯ್ಕೆ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ದ್ವಿತೀಯ ಪಿಯುಸಿ ಗಣಿತದ ಪಠ್ಯದಲ್ಲಿರುವ 13 ಅಧ್ಯಾಯಗಳಲ್ಲಿ 5 ಕಲನಶಾಸ್ತ್ರಕ್ಕೆ, ಅಂದರೆ ಕ್ಯಾಲ್ಕುಲಸ್‌ಗೆ ಸೇರಿದವು. ಎಂಜಿನಿಯರಿಂಗ್ ಸೀಟಿನ ರ್‍ಯಾಂಕ್ ನಿರ್ಧಾರವಾಗುವುದು ಅರ್ಧ ಪಿಯುಸಿ ಅಂಕಗಳಿಂದ, ಇನ್ನರ್ಧ ಸಿಇಟಿಯಿಂದ. ಪಿಯುಸಿಯಲ್ಲಿ ಹಂತ ಹಂತವಾಗಿ ಬಿಡಿಸಿ ಬರೆದರೆ ಅಂಕ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡು. ಅಲ್ಲಿ ಹಂತಗಳನ್ನು ಕೇಳುವವರಿಲ್ಲ, ಉತ್ತರದ ಗುಂಡಿ ತುಂಬಿದರೆ ಸಾಕು. ಒಂದು ಪರೀಕ್ಷೆ ತಾಳ್ಮೆ ಬೇಡುತ್ತದೆ, ಇನ್ನೊಂದು ಅವಸರ. ಒಂದೇ ಗೈಡು ಎರಡನ್ನೂ ಕಲಿಸುವುದು ಕಷ್ಟ.

ಹಾಗಾದರೆ ಈ ಕ್ಯಾಲ್ಕುಲಸ್ ಎಂದರೇನು? ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸು 40 ನಿಮಿಷ ತೆಗೆದುಕೊಂಡರೆ ಸರಾಸರಿ ವೇಗ ಗಂಟೆಗೆ 30 ಕಿಲೋಮೀಟರ್. ಇದು ಏಳನೇ ತರಗತಿಯ ಲೆಕ್ಕ. ಆದರೆ ಬಸ್ಸು ಯಾವ ಗಳಿಗೆಯಲ್ಲೂ ಸರಿಯಾಗಿ ಮೂವತ್ತರಲ್ಲೇ ಓಡಿರಲಾರದು. ನಿಲ್ದಾಣದಲ್ಲಿ ಸೊನ್ನೆ, ನೇರ ರಸ್ತೆಯಲ್ಲಿ ಅರವತ್ತು. ಇದೇ ಈ ಒಂದು ಕ್ಷಣದಲ್ಲಿ ವೇಗ ಎಷ್ಟು ಎಂದು ಕೇಳಿದರೆ ದೂರವೂ ಸೊನ್ನೆ, ಕಾಲವೂ ಸೊನ್ನೆ, ಭಾಗಿಸುವುದೆಂತು? ಆ ತೊಡಕನ್ನು ಬಿಡಿಸುವುದು ಅವಕಲನ, ವಿದ್ಯಾರ್ಥಿಗಳ ಬಾಯಲ್ಲಿ ಡಿಫರೆನ್ಶಿಯೇಷನ್. ಇದರ ತಿರುಗುಮುರುಗು ಅನುಕಲನ, ಅಂದರೆ ಇಂಟಿಗ್ರೇಷನ್. ಕಾಗದದ ಕಾರ್ಖಾನೆಯಲ್ಲಿ ಸುರುಳಿ ಸುತ್ತಿದ ಹಾಗೆ ಪ್ರತಿ ಸುತ್ತಿನ ಉದ್ದವೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚುತ್ತದೆ. ಆ ಸಾವಿರಾರು ಸುತ್ತುಗಳನ್ನು ಕೂಡಿಸಿ ಒಟ್ಟು ಕಾಗದ ಎಷ್ಟು ಉದ್ದ ಎಂದು ಹೇಳುವ ಜಾಣ್ಮೆ ಅದು.

ಈ ಶಾಸ್ತ್ರವನ್ನು ಕಟ್ಟಿದವರೆಂದು ನ್ಯೂಟನ್ ಮತ್ತು ಲೈಬ್ನಿಜ್ ಹೆಸರುಗಳನ್ನು ಎಲ್ಲರೂ ಕೇಳಿದ್ದಾರೆ. ಲೈಬ್ನಿಜ್ ತನ್ನ ವಿಧಾನವನ್ನು ಅಚ್ಚಿಗೆ ಕೊಟ್ಟದ್ದು 1684ರಲ್ಲಿ. ಆ ಲೇಖನ ಎಷ್ಟು ಬಿಗಿಯಾಗಿತ್ತೆಂದರೆ ಯುರೋಪಿನಲ್ಲಿ ಅದು ಅರ್ಥವಾದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥವರಲ್ಲಿ ಒಬ್ಬ ಸ್ವಿಟ್ಜರ್ಲೆಂಡಿನ ಯೊಹಾನ್ ಬೆರ್ನೂಲಿ. 1691ರಲ್ಲಿ ಈ 24ರ ತರುಣ ಪ್ಯಾರಿಸ್ಸಿಗೆ ಬಂದಾಗ ಲೊಪಿತಾಲ್ ಎಂಬ ಶ್ರೀಮಂತ ಅವನನ್ನು ಹಿಡಿದು ಪಾಠ ಹೇಳಿಸಿಕೊಂಡ. ಈಗಿನ ಮಾತಿನಲ್ಲಿ ಹೇಳುವುದಾದರೆ ಮನೆ ಟ್ಯೂಷನ್! ಬೆರ್ನೂಲಿ ಊರಿಗೆ ಮರಳಿದ ಮೇಲೂ ಪಾಠ ನಿಲ್ಲಲಿಲ್ಲ. 1694ರಲ್ಲಿ ಲೊಪಿತಾಲ್ ಒಂದು ಒಪ್ಪಂದ ಮುಂದಿಟ್ಟ: ವರ್ಷಕ್ಕೆ 300 ಲಿವ್ರ್ ಕೊಡುತ್ತೇನೆ, ನೀನು ಕಂಡುಹಿಡಿದದ್ದನ್ನು ನನಗೆ ತಿಳಿಸು, ಬೇರೆ ಯಾರಿಗೂ ಹೇಳಬೇಡ. 1696ರಲ್ಲಿ ಲೊಪಿತಾಲನ ಪುಸ್ತಕ ಹೊರಬಂತು. ಅವಕಲನವನ್ನು ಕುರಿತು ಅಚ್ಚಾದ ಮೊದಲ ಪಠ್ಯಪುಸ್ತಕ ಅದೇ. ಮುನ್ನುಡಿಯಲ್ಲಿ ಬೆರ್ನೂಲಿಗೆ ಕೃತಜ್ಞತೆ ಇತ್ತು, ಒಪ್ಪಂದದ ಸುದ್ದಿ ಇರಲಿಲ್ಲ. 1704ರಲ್ಲಿ ಲೊಪಿತಾಲ್ ತೀರಿಕೊಂಡ ಮೇಲೆ ಬೆರ್ನೂಲಿ 'ಅದು ನನ್ನದು' ಎಂದು ಎಷ್ಟು ಕೂಗಿದರೂ ನಂಬಿದವರು ಕಡಿಮೆ. ಅವನ ಪಾಠದ ಹಸ್ತಪ್ರತಿ ಬಾಸೆಲ್ ನಗರದಲ್ಲಿ ಸಿಕ್ಕಿ ಅಚ್ಚಾದದ್ದು 1920ರ ದಶಕದಲ್ಲಿ. ಮಾತು ಬಹುಪಾಲು ನಿಜವಾಗಿತ್ತು.

ಟ್ಯೂಷನ್ ನೋಟ್ಸು ಪುಸ್ತಕವಾದ ಕತೆ ಇದು. ಇಂದಿಗೂ ಸಿಇಟಿ ಗೈಡುಗಳಲ್ಲಿ 'ಶಾರ್ಟ್‌ಕಟ್' ಎಂಬ ತಲೆಬರಹದಡಿ ಮಿಂಚುವ ಸೂತ್ರಗಳಲ್ಲೊಂದು, ಮೇಲೂ ಸೊನ್ನೆ ಕೆಳಗೂ ಸೊನ್ನೆ ಬಂದಾಗ ಎರಡನ್ನೂ ಬೇರೆ ಬೇರೆಯಾಗಿ ಅವಕಲಿಸುವ 'ಲೊಪಿತಾಲ್ ನಿಯಮ', ಆ ಪುಸ್ತಕದ್ದೇ. ಕಂಡುಹಿಡಿದವನು ಬೆರ್ನೂಲಿ, ಹೆಸರು ಕಾಸು ಕೊಟ್ಟವನದು. ಎನ್‌ಸಿಇಆರ್‌ಟಿ ಪಠ್ಯ ಈ ನಿಯಮವನ್ನು ಕಲಿಸುವುದೇ ಇಲ್ಲ ಎಂಬುದು ಗಮನಿಸತಕ್ಕ ಸಂಗತಿ. ಅದು ಹುಡುಗರ ಕೈಗೆ ಸಿಗುವುದು ಗೈಡಿನಿಂದ, ಇಲ್ಲವೇ ಟ್ಯೂಷನ್ನಿನಿಂದ.

ಇನ್ನೊಂದು ಬಗೆಯ ಗೈಡು ಇದಕ್ಕೂ ಹಿಂದೆ, ನಮ್ಮ ಪಕ್ಕದಲ್ಲೇ ಹುಟ್ಟಿತ್ತು. 14ನೇ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವ ವೃತ್ತದ ಪರಿಧಿಯನ್ನು ಮುಗಿಯದ ಶ್ರೇಣಿಯಾಗಿ ಬಿಡಿಸಿದ್ದ. ಅವನ ಪರಂಪರೆಯ ನೀಲಕಂಠ ಸೋಮಯಾಜಿ ಸುಮಾರು 1500ರಲ್ಲಿ 'ತಂತ್ರಸಂಗ್ರಹ'ವನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದ. ಶ್ಲೋಕದಲ್ಲಿ ಫಲಿತಾಂಶವಿತ್ತು, 'ಹೇಗೆ, ಏಕೆ' ಇರಲಿಲ್ಲ. ಆ ಕೊರತೆ ತುಂಬಲು ಸುಮಾರು 1530ರಲ್ಲಿ ಜ್ಯೇಷ್ಠದೇವ 'ಯುಕ್ತಿಭಾಷಾ' ಬರೆದ, ಅದೂ ಮಲಯಾಳಂ ಗದ್ಯದಲ್ಲಿ. ಒಂದು ಕಷ್ಟದ ಗ್ರಂಥವನ್ನು ಓದುಗನ ಮಾತಿನಲ್ಲೇ, ಒಂದೊಂದು ಹೆಜ್ಜೆಗೂ ಕಾರಣ ಕೊಟ್ಟು ಬಿಡಿಸಿಡುವ ಪುಸ್ತಕ. ಗೈಡು ಎಂಬ ಪದಕ್ಕೆ ಇದಕ್ಕಿಂತ ಗೌರವದ ಅರ್ಥ ಸಿಗಲಾರದು. ಅದಕ್ಕೆ ಯಾವ ಪರೀಕ್ಷೆಯ ಹಂಗೂ ಇರಲಿಲ್ಲ ಎಂಬುದು ಬೇರೆ ಮಾತು.

ಕನ್ನಡವೂ ಈ ವಿಷಯದಲ್ಲಿ ಬರಿಗೈಯಲ್ಲ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿ ರಚಿಸಿದ. ಅದು ಕ್ಯಾಲ್ಕುಲಸ್ ಅಲ್ಲ, ನಿಜ. ಆದರೆ ಲೆಕ್ಕವನ್ನು ಕನ್ನಡದಲ್ಲಿ ಹೇಳಬಹುದು ಎಂಬುದರಲ್ಲಿ ಆ ಕವಿಗೆ ಅನುಮಾನವಿರಲಿಲ್ಲ. ಇಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ವಿಜ್ಞಾನ ಪಿಯುಸಿಗೆ ಸೇರುವ ಮಕ್ಕಳಿಗೆ ಕ್ಯಾಲ್ಕುಲಸ್ ಎದುರಾಗುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಅವರನ್ನು ಮುಗ್ಗರಿಸುವುದು ಎಷ್ಟೋ ಸಲ ಲೆಕ್ಕವಲ್ಲ. 'ಸಚ್ ದಟ್', 'ವಿತ್ ರೆಸ್ಪೆಕ್ಟ್ ಟು' ಎಂಬಂಥ ನುಡಿಗಟ್ಟುಗಳು. ಅಂಥ ಮಗುವಿಗೆ ಗೈಡು ಎಂದರೆ ಅರ್ಧ ಗಣಿತ, ಅರ್ಧ ಅನುವಾದ. ಮಾರುಕಟ್ಟೆಯ ಹೆಚ್ಚಿನ ಗೈಡುಗಳು ಈ ಎರಡನೇ ಅರ್ಧವನ್ನು ಮರೆತೇಬಿಟ್ಟಿವೆ.

ಶಿವಮೊಗ್ಗದಲ್ಲಿ ಕಾಲೇಜು ಶಿಕ್ಷಣ ಬೇರೂರಿದ್ದು 1940ರಲ್ಲಿ ಆರಂಭವಾದ ಇಂಟರ್‌ಮೀಡಿಯೆಟ್ ಕಾಲೇಜಿನಿಂದ; ಈಗಿನ ಸಹ್ಯಾದ್ರಿ ಕಾಲೇಜು ಅದರ ಮುಂದುವರಿಕೆ. ಆ ತಲೆಮಾರಿನವರ ಗಣಿತವೆಂದರೆ ಹಾಲ್ ಅಂಡ್ ನೈಟ್ ಬೀಜಗಣಿತ, ಲೋನಿಯ ತ್ರಿಕೋನಮಿತಿ. ಎರಡೂ 19ನೇ ಶತಮಾನದ ಇಂಗ್ಲೆಂಡಿನ ಪುಸ್ತಕಗಳು. ಪದವಿ ತರಗತಿಗೆ ಹೋದವರಿಗೆ ಶಾಂತಿನಾರಾಯಣ್ ಅವರ 'ಡಿಫರೆನ್ಶಿಯಲ್ ಕ್ಯಾಲ್ಕುಲಸ್'. ಈ ಪುಸ್ತಕಗಳು ದಶಕಗಟ್ಟಲೆ ಬದಲಾಗಲಿಲ್ಲ. ಅಣ್ಣ ಓದಿದ್ದನ್ನು ತಮ್ಮ, ತಮ್ಮನದನ್ನು ತಂಗಿ ಓದಬಹುದಿತ್ತು.

ಭದ್ರಾವತಿಯ ಕತೆ ಬೇರೆ. ಅದು ಕಾರ್ಖಾನೆಯ ಊರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಅಪ್ಪನ ಹಿಂದೆಯೇ ಮಗನೂ ಗೇಟಿನೊಳಗೆ ಹೋಗುವುದು ಅಲ್ಲಿ ಬಹುಕಾಲ ಸಹಜ ನಿರೀಕ್ಷೆಯಾಗಿತ್ತು. ಅದು ಕರಗಿದಷ್ಟೂ ಪರೀಕ್ಷೆಯ ತೂಕ ಏರಿತು. ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದು, ಹೋರಾಟದ ನಂತರ ಅದೇ ವರ್ಷ ಕೆಲಸ ಮತ್ತೆ ಶುರುವಾಯಿತು. ಇಂಥ ಊರಿನ ಮನೆಯಲ್ಲಿ ಎಂಜಿನಿಯರಿಂಗ್ ಸೀಟು ಎಂದರೆ ಬರೀ ಹೆಮ್ಮೆಯ ಮಾತಲ್ಲ.

ಗೈಡುಗಳಿಗೆ ಕಾಲ ಕೂಡಿಬಂದದ್ದು ಎರಡು ಬದಲಾವಣೆಗಳಿಂದ. 1970ರ ದಶಕದಲ್ಲಿ ಎರಡು ವರ್ಷದ ಪಿಯುಸಿ ನೆಲೆಗೊಂಡು, ಕ್ಯಾಲ್ಕುಲಸ್ 17-18ರ ಮಕ್ಕಳ ಕಡ್ಡಾಯದ ತುತ್ತಾಯಿತು. ಇನ್ನೊಂದು ಬಂದದ್ದು ನ್ಯಾಯಾಲಯದಿಂದ. ವೃತ್ತಿ ಶಿಕ್ಷಣ ಕಾಲೇಜುಗಳ ಕ್ಯಾಪಿಟೇಷನ್ ಹಾವಳಿಯನ್ನು ಕುರಿತು ಸುಪ್ರೀಂ ಕೋರ್ಟ್ 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಖಾಸಗಿ ಕಾಲೇಜುಗಳ ಸೀಟುಗಳೂ ಅರ್ಹತೆಯ ಆಧಾರದಲ್ಲಿ ಹಂಚಿಕೆಯಾಗಬೇಕಾಯಿತು. 1994ರಲ್ಲಿ ರಾಜ್ಯದ ಸಿಇಟಿ ಘಟಕ ಹುಟ್ಟಿತು. ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಬೇರು ಅದೇ. ಹಣವಿಲ್ಲದವರಿಗೆ ಬಾಗಿಲು ತೆರೆದ ಈ ವ್ಯವಸ್ಥೆ ಒಂದು ಹೊಸ ಸರಕನ್ನೂ ಬೆಳೆಸಿತು: ನಾಲ್ಕು ಉತ್ತರಗಳಲ್ಲಿ ಒಂದನ್ನು ಬೇಗ ಗುರುತಿಸುವುದನ್ನು ಕಲಿಸುವ ಪುಸ್ತಕ. 'ಬೋರ್ಡಿಗಾ, ಸಿಇಟಿಗಾ?' ಎಂಬ ಪ್ರಶ್ನೆ ಅಂಗಡಿಯ ಮೇಜಿನ ಮೇಲೆ ಕಾಯಂ ಆಗಿ ಕುಳಿತದ್ದು ಆಗಿನಿಂದ.

2012ರಿಂದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂತು. ಹಳೆಯ ಗೈಡುಗಳು ಒಂದೇ ಏಟಿಗೆ ರದ್ದಿಯಾದವು. ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು 2024. ಕೋವಿಡ್ ನಂತರ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿತ್ತು. ಕ್ಯಾಲ್ಕುಲಸ್‌ನಲ್ಲಿ ರೋಲ್ ಪ್ರಮೇಯ, ಮಧ್ಯಮಾನ ಪ್ರಮೇಯ, ಸ್ಪರ್ಶಕ ಮತ್ತು ಲಂಬ, ಎರಡು ವಕ್ರರೇಖೆಗಳ ನಡುವಿನ ವಿಸ್ತೀರ್ಣ ಕೈಬಿಟ್ಟುಹೋಗಿದ್ದವು. ಆ ವರ್ಷದ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗದ ಪ್ರಶ್ನೆಗಳೇ ಧಾರಾಳವಾಗಿ ಬಂದವು. ಗದ್ದಲ ಎದ್ದು, ಕೊನೆಗೆ ನಾಲ್ಕೂ ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಹೊಸ ಪಠ್ಯವನ್ನೇ ನಂಬಿದ ವಿದ್ಯಾರ್ಥಿ, ಗೊತ್ತಿಲ್ಲದ ಪ್ರಶ್ನೆಯ ಮುಂದೆ ಕಳೆದ ನಿಮಿಷಗಳನ್ನು ಮಾತ್ರ ಯಾರೂ ಹಿಂದಿರುಗಿಸಲಿಲ್ಲ.

ಆದ್ದರಿಂದ ಗೈಡು ಕೊಳ್ಳುವವರು ಮೊದಲು ನೋಡಬೇಕಾದದ್ದು ಲೇಖಕನ ಹೆಸರನ್ನಲ್ಲ, ಮುದ್ರಣದ ವರ್ಷವನ್ನು. ಪರೀಕ್ಷಾ ಮಂಡಳಿಯ ಆ ವರ್ಷದ ಮಾದರಿ ಪ್ರಶ್ನೆಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಅಧ್ಯಾಯಗಳನ್ನು ಹೊಂದಿಸಿ ನೋಡಬೇಕು. 80 ಅಂಕದ ಲಿಖಿತ ಪರೀಕ್ಷೆ ಬಂದ ಮೇಲೂ 100 ಅಂಕದ ಹಳೆಯ ಮಾದರಿಗೆ ಹೊಸ ರಟ್ಟು ಹಾಕಿದ್ದರೆ ಇದರಲ್ಲೇ ಬಯಲಾಗುತ್ತದೆ. ಪಠ್ಯಪುಸ್ತಕವನ್ನೇ ಕೊಳ್ಳದೆ ಗೈಡು ಕೊಳ್ಳುವುದಂತೂ ಅಕ್ಕಿಯಿಲ್ಲದೆ ಸಾರು ಮಾಡಿಟ್ಟ ಹಾಗೆ. ಎನ್‌ಸಿಇಆರ್‌ಟಿಯದೇ 'ಎಕ್ಸೆಂಪ್ಲರ್' ಎಂಬ ಹೆಚ್ಚುವರಿ ಲೆಕ್ಕಗಳ ಪುಸ್ತಕ ಇರುವುದೂ ಹಲವು ಮನೆಗಳಿಗೆ ತಿಳಿದಿಲ್ಲ.

ಗೈಡು ಕಲಿಸುತ್ತದೋ ಬರೀ ಉರು ಹೊಡೆಸುತ್ತದೋ ಎಂದು ತಿಳಿಯಲು ಒಂದು ಪುಟ ಸಾಕು. ಎರಡು ಪದಗಳ ಗುಣಲಬ್ಧವನ್ನು ಅನುಕಲಿಸುವ ಭಾಗವನ್ನು ತೆರೆಯಿರಿ. 'ಇಲೇಟ್' ಎಂಬ ನೆನಪಿನ ಮಂತ್ರ ಎಲ್ಲ ಗೈಡುಗಳಲ್ಲೂ ಇರುತ್ತದೆ; ಲಾಗರಿತಮ್ ಬಂದರೆ ಅದನ್ನು ಎಕ್ಸ್‌ಗಿಂತ ಮೊದಲು ತೆಗೆದುಕೊಳ್ಳಬೇಕು ಎನ್ನುತ್ತದೆ. ಏಕೆ? ಲಾಗನ್ನು ಅವಕಲಿಸಿದರೆ ಸರಳವಾಗುತ್ತದೆ, ಅನುಕಲಿಸಲು ಹೋದರೆ ತೊಡಕಾಗುತ್ತದೆ. ಈ ಒಂದು ವಾಕ್ಯ ಇರುವ ಗೈಡು ಒಳ್ಳೆಯದು. ಅಚ್ಚಿನ ತಪ್ಪನ್ನು ಪತ್ತೆ ಹಚ್ಚುವುದು ಇನ್ನೂ ಸುಲಭ. ಗೈಡು ಕೊಟ್ಟ ಯಾವುದೇ ಅನುಕಲನದ ಉತ್ತರವನ್ನು ಅವಕಲಿಸಿದರೆ ಪ್ರಶ್ನೆ ಮರಳಿ ಬರಬೇಕು. ಬರದಿದ್ದರೆ ತಪ್ಪು ಪುಸ್ತಕದ್ದು. ಅಂಗಡಿಯಲ್ಲಿ ನಿಂತೇ ಐದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಪರೀಕ್ಷಿಸುವವಳು ಮಗಳೇ ಆಗಬೇಕು, ತಂದೆಯಲ್ಲ.

ಒಂದು ವಿಚಿತ್ರ ಉಳಿದಿದೆ. ಪಠ್ಯದ ಹೊರೆ ಇಳಿಸುವಾಗ ಕತ್ತರಿ ಬಿದ್ದ ಭಾಗಗಳಲ್ಲಿ 'ಮೊತ್ತದ ಮಿತಿಯಾಗಿ ಅನುಕಲನ' ಎಂಬುದೂ ಒಂದು. ಅಂದರೆ ಸುರುಳಿಯ ಸುತ್ತುಗಳನ್ನು ಕೂಡಿಸುತ್ತಾ ಹೋಗುವ ಮೂಲ ವಿಚಾರವೇ. ಸೂತ್ರಗಳೆಲ್ಲ ಪಠ್ಯದಲ್ಲಿ ಉಳಿದಿವೆ, ಅವು ಏಕೆ ಹುಟ್ಟಿದವು ಎಂಬುದು ಹೊರಗೆ ಹೋಗಿದೆ. ಅದು ಈಗ ವಿವರವಾಗಿ ಸಿಗುವುದು ಯಾರಿಗೂ ಬೇಡವಾದ ಹಳೆಯ ಗೈಡುಗಳಲ್ಲಿ. ಹಳೇ ಪೇಪರಿನ ಅಂಗಡಿಯಲ್ಲಿ ಅವು ತೂಕದ ಲೆಕ್ಕಕ್ಕೆ ಸಿಗುತ್ತವೆ, ಯಾರೋ ಸೀನಿಯರ್ ಅಂಚಿನಲ್ಲಿ ಪೆನ್ಸಿಲಿನಿಂದ ಬಿಡಿಸಿಟ್ಟ ಲೆಕ್ಕಗಳ ಸಮೇತ.