ಚಿನ್ನದ ಗಣಿಯಲ್ಲಿ ಪರಮಾಣುವಿನ ಶೋಧ

ಕೋಲಾರ ಜಿಲ್ಲೆಯ ಹೆಸರು ಹೇಳಿದೊಡನೆ ಕೆರೆ, ರಾಗಿ, ರೇಷ್ಮೆ ಮತ್ತು ಚಿನ್ನ ನಮ್ಮ ನೆನಪಿಗೆ ಬರುತ್ತವೆ. ಹುತ್ತೂರು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಜನ ತಮ್ಮ ನಾಡಿನ ಬಗ್ಗೆ ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿಗಳೂ ಬಹುಮಟ್ಟಿಗೆ ಇವೇ. ಆದರೆ ಈ ನೆಲಕ್ಕೆ ಇನ್ನೊಂದು ಕೀರ್ತಿ ಉಂಟು. ಪರಮಾಣು ಯಾವುದರಿಂದ ಆಗಿದೆ, ಅದು ಶಾಶ್ವತವೇ ಅಲ್ಲವೇ ಎಂಬ ಬಹು ಪುರಾತನವಾದ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಪ್ರಯೋಗಕ್ಕೆ ಒಡ್ಡಿದ ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು. ಭೌತವಿಜ್ಞಾನದ ಚರಿತ್ರೆಯನ್ನು ಬರೆಯುವವರು ಆ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದು ಹೇಗೆಂಬುದನ್ನು ತಿಳಿಯಲು ಪರಮಾಣುವಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಒಡೆಯಲಾಗದ ಕಣವೊಂದು ಉಳಿಯಬೇಕು ಎಂದು ನಮ್ಮಲ್ಲಿ ವೈಶೇಷಿಕ ದರ್ಶನದ ಕಣಾದನೂ ಗ್ರೀಸಿನಲ್ಲಿ ಡೆಮಾಕ್ರಿಟಸನೂ ಯೋಚಿಸಿದ್ದರು. ಅದು ತರ್ಕದ ಪರಮಾಣು, ಅದನ್ನು ಅಳೆದವರಿರಲಿಲ್ಲ. 1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಪರಮಾಣುವಿಗಿಂತ ಬಹಳ ಹಗುರವಾದ, ಋಣವಿದ್ಯುತ್ತನ್ನು ಹೊತ್ತ ಇಲೆಕ್ಟ್ರಾನನ್ನು ಕಂಡುಹಿಡಿದಾಗ, ಒಡೆಯಲಾಗದ್ದಕ್ಕೂ ಒಳಗಿನ ಭಾಗಗಳಿವೆ ಎಂಬುದು ತಿಳಿಯಿತು. ಆದರೆ ಆ ಭಾಗಗಳ ಜೋಡಣೆ ಹೇಗೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಚಿನ್ನದಿಂದ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅರ್ನೆಸ್ಟ್ ರುದರ್‌ಫರ್ಡರ ಶಿಷ್ಯರಾದ ಗೈಗರ್ ಮತ್ತು ಮಾರ್ಸ್‌ಡೆನ್ ಅತಿ ತೆಳ್ಳಗೆ ಬಡಿದ ಚಿನ್ನದ ರೇಕಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುಪಾಲು ಕಣಗಳು ರೇಕು ಇಲ್ಲವೇ ಇಲ್ಲ ಎಂಬಂತೆ ಆಚೆಗೆ ಹೋದವು. ಆದರೆ ಎಲ್ಲೋ ಸಾವಿರಾರರಲ್ಲಿ ಒಂದು, ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗಿತು. ಪರಮಾಣುವಿನ ಭಾರವೆಲ್ಲ ಅದರ ನಡುವಿನ ಅತಿ ಸಣ್ಣ ಬೀಜದಲ್ಲಿ ಅಡಗಿದೆ, ಉಳಿದದ್ದು ಹೆಚ್ಚುಕಡಿಮೆ ಬಯಲು ಎಂದು 1911ರಲ್ಲಿ ರುದರ್‌ಫರ್ಡರು ತೀರ್ಮಾನಿಸಿದರು. ಆ ಬೀಜವೇ ನ್ಯೂಕ್ಲಿಯಸ್. ಅದರ ಅಳತೆಯನ್ನು ನಮ್ಮ ಕಡೆಯ ಹೋಲಿಕೆಯಲ್ಲಿ ಹೇಳಬಹುದು. ನೂರು ಅಡಿ ಅಗಲದ ಒಂದು ಒಕ್ಕಣೆಯ ಕಣವನ್ನು ಊಹಿಸಿಕೊಳ್ಳಿ. ಅದರ ನಟ್ಟನಡುವೆ ಒಂದೇ ಒಂದು ರಾಗಿಕಾಳನ್ನು ಇಡಿ. ಕಣದಷ್ಟು ದೊಡ್ಡದು ಚಿನ್ನದ ಪರಮಾಣುವಾದರೆ, ಆ ಕಾಳಿನಷ್ಟು ಅದರ ನ್ಯೂಕ್ಲಿಯಸ್. ಮಿಕ್ಕ ಬಯಲಿನಲ್ಲೆಲ್ಲ ಇಲೆಕ್ಟ್ರಾನುಗಳ ಸಂಚಾರ.

ಮುಂದೆ ಆ ಬೀಜದೊಳಗೂ ಎರಡು ಬಗೆಯ ಕಣಗಳು ಕಂಡವು. ಧನವಿದ್ಯುತ್ತುಳ್ಳದ್ದು ಪ್ರೋಟಾನ್, 1932ರಲ್ಲಿ ಚಾಡ್ವಿಕ್ ಗುರುತಿಸಿದ, ವಿದ್ಯುತ್ತಿಲ್ಲದ ಕಣ ನ್ಯೂಟ್ರಾನ್. ಯಾವ ವಸ್ತು ಯಾವುದು ಎಂಬುದನ್ನು ನಿರ್ಧರಿಸುವುದು ಪ್ರೋಟಾನುಗಳ ಸಂಖ್ಯೆ. ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳಿದ್ದರೆ ಅದು ಚಿನ್ನ. ಒಂದು ಹೆಚ್ಚಾದರೆ ಪಾದರಸ, ಒಂದು ಕಡಿಮೆಯಾದರೆ ಪ್ಲಾಟಿನಂ. ಕೋಲಾರದ ಕಲ್ಲಿನಿಂದ ತೆಗೆದ ಚಿನ್ನದ ಪ್ರತಿಯೊಂದು ಪರಮಾಣುವಿನಲ್ಲಿಯೂ 79 ಪ್ರೋಟಾನುಗಳು, 118 ನ್ಯೂಟ್ರಾನುಗಳು, ಸುತ್ತಲೂ 79 ಇಲೆಕ್ಟ್ರಾನುಗಳು.

ಇಷ್ಟಕ್ಕೆ ಕಥೆ ಮುಗಿಯಬಹುದಾಗಿತ್ತು. ಆದರೆ ಲೆಕ್ಕದಲ್ಲಿ ಒಂದು ಕೊರತೆ ಬಂದಿತು. ಕೆಲವು ನ್ಯೂಕ್ಲಿಯಸ್ಸುಗಳು ಇಲೆಕ್ಟ್ರಾನನ್ನು ಹೊರಚೆಲ್ಲಿ ಬೇರೊಂದು ವಸ್ತುವಾಗಿ ಮಾರ್ಪಡುವಾಗ, ಹೊರಟ ಶಕ್ತಿಗೂ ಸಿಕ್ಕಿದ ಶಕ್ತಿಗೂ ತಾಳೆಯಾಗುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದ ಒಂದು ಕಣ ಆ ಬಾಕಿಯನ್ನು ಹೊತ್ತೊಯ್ಯುತ್ತಿರಬೇಕು ಎಂದು 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಸೂಚಿಸಿದರು. ಫರ್ಮಿಯವರು ಅದನ್ನು ನ್ಯೂಟ್ರಿನೊ ಎಂದು ಕರೆದರು. ವಿದ್ಯುತ್ತಿಲ್ಲ, ಭಾರ ಇಲ್ಲವೆನ್ನುವಷ್ಟು ಅಲ್ಪ. ಇಡೀ ಭೂಮಿಯನ್ನೇ ಯಾವುದಕ್ಕೂ ತಾಗದೆ ಹಾದುಹೋಗಬಲ್ಲದು. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ಪ್ರತಿ ಸೆಕೆಂಡಿಗೆ ನಮ್ಮ ಒಂದೊಂದು ಚದರ ಸೆಂಟಿಮೀಟರಿನ ಮೂಲಕ ಆರು ಸಾವಿರ ಕೋಟಿಗೂ ಮಿಕ್ಕಿ ಹಾಯುತ್ತವೆ. ನಮಗೆ ಅದರ ಪರಿವೆಯೇ ಇಲ್ಲ. 1956ರಲ್ಲಿ ರೈನ್ಸ್ ಮತ್ತು ಕೋವನ್ ಅಮೆರಿಕದ ಪರಮಾಣು ಸ್ಥಾವರವೊಂದರ ಬಳಿ ಅದನ್ನು ಮೊದಲ ಬಾರಿಗೆ ಹಿಡಿದರು. ಆದರೆ ಅದು ಮನುಷ್ಯ ಕಟ್ಟಿದ ಸ್ಥಾವರದಲ್ಲಿ ಹುಟ್ಟಿದ ನ್ಯೂಟ್ರಿನೊ. ಆಕಾಶದಿಂದ ತಾನಾಗಿ ಬರುವ ನ್ಯೂಟ್ರಿನೊವನ್ನು ಹಿಡಿಯುವ ಬಗೆ ಹೇಗೆ?

ಇಲ್ಲಿ ಕೋಲಾರ ನಮ್ಮ ಕಥೆಯೊಳಗೆ ಬರುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳೂ ಅವುಗಳ ಜೊತೆಗೆ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಮ್ಯೂಆನ್ ಇಲೆಕ್ಟ್ರಾನಿನ ಬಂಧುವೇ. ಆದರೆ ಸುಮಾರು 207 ಪಟ್ಟು ಭಾರ. ನೆಲದ ಮೇಲೆ ಅಂಗೈ ಚಾಚಿ ನಿಂತರೆ ಸುಮಾರು ಸೆಕೆಂಡಿಗೊಂದರಂತೆ ಮ್ಯೂಆನ್ ಅದನ್ನು ಹಾದುಹೋಗುತ್ತದೆ. ಈ ಸಂತೆಯ ಗದ್ದಲದಲ್ಲಿ ವರ್ಷಕ್ಕೆ ಕೆಲವೇ ಬಾರಿ ಬರುವ ನ್ಯೂಟ್ರಿನೊವಿನ ಪಿಸುಮಾತನ್ನು ಕೇಳುವುದೆಂತು? ಗದ್ದಲವನ್ನು ತಡೆಯುವ ದಪ್ಪನೆಯ ಹೊದಿಕೆ ಬೇಕು. ಅಂಥ ಹೊದಿಕೆ ಆಳವಾದ ಗಣಿಯ ಮೇಲಿನ ಬಂಡೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದ್ದ ಹೋಮಿ ಭಾಭಾ ಅವರು 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಮೊದಲು ಕೆಲಸ ಆರಂಭಿಸಿದ್ದು ಬೆಂಗಳೂರಿನಲ್ಲಿಯೇ. ಅನಂತರ ಮುಂಬಯಿಗೆ ಹೋಯಿತು. ಅಲ್ಲಿ 1948ರಲ್ಲಿ ಸೇರಿದ ತರುಣರೊಬ್ಬರು ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್. 1950ರ ದಶಕದ ಮೊದಲಲ್ಲಿ ಅವರು ಕೋಲಾರದ ಗಣಿಗೆ ಬಂದು, ಆಳ ಹೆಚ್ಚಿದಂತೆ ಮ್ಯೂಆನುಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದನ್ನು ಅಳೆಯತೊಡಗಿದರು. ಕೋಲಾರದ ಶಿಲೆ ನೀರಿಗಿಂತ ಸುಮಾರು ಮೂರು ಪಟ್ಟು ಭಾರ, 2.3 ಕಿಲೋಮೀಟರ್ ಬಂಡೆ ಏಳು ಕಿಲೋಮೀಟರ್ ನೀರಿಗೆ ಸಮ. 1960ರ ದಶಕದ ಮೊದಲ ವರ್ಷಗಳಲ್ಲಿ ಓಸಾಕಾದ ಮಿಯಾಕೆಯವರೂ ಟಾಟಾ ಸಂಸ್ಥೆಯ ನರಸಿಂಹಂ ಮತ್ತು ರಮಣಮೂರ್ತಿಯವರೂ ಚಾಂಪಿಯನ್ ರೀಫ್ ಗಣಿಯ ಅತ್ಯಂತ ಆಳದಲ್ಲಿ ಉಪಕರಣಗಳನ್ನಿಟ್ಟು ಸುಮಾರು ಎರಡು ತಿಂಗಳು ಕಾದರು. ಒಂದು ಮ್ಯೂಆನೂ ದಾಖಲಾಗಲಿಲ್ಲ. ಸಾಮಾನ್ಯವಾಗಿ ಪ್ರಯೋಗದಲ್ಲಿ ಏನೂ ಸಿಗದಿದ್ದರೆ ನಿರಾಶೆ. ಇಲ್ಲಿಯಾದರೋ ಅದೇ ಶುಭವಾರ್ತೆ. ತಮಗೆ ಬೇಕಾಗಿದ್ದ ಮೌನ ಕೋಲಾರದ ನೆಲದಡಿಯಲ್ಲಿ ಇದೆಯೆಂದು ಅವರಿಗೆ ಗೊತ್ತಾಯಿತು.

ಟಾಟಾ ಸಂಸ್ಥೆ, ಜಪಾನಿನ ಓಸಾಕಾ ಸಿಟಿ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾನಿಲಯ ಈ ಮೂರೂ ಕೂಡಿ 2.3 ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೊ ಶೋಧಕಗಳನ್ನು ನಿಲ್ಲಿಸಿದವು. ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ, ಮಿಯಾಕೆ, ಡರ್ಹಾಮಿನ ವುಲ್ಫೆಂಡೇಲ್ ಮೊದಲಾದವರು ಇದರಲ್ಲಿದ್ದರು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಎದುರುಬದುರಾಗಿ ಗೋಡೆಯಂತೆ ಕಟ್ಟಿ, ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳನ್ನು ಜೋಡಿಸಿದ್ದರು. ಯುಕ್ತಿ ಇರುವುದು ಗೋಡೆಯಂತೆ ನಿಲ್ಲಿಸಿದ್ದರಲ್ಲಿ. ಇಷ್ಟು ಆಳಕ್ಕೆ ಇಳಿಯಬಲ್ಲ ಅಪರೂಪದ ಮ್ಯೂಆನ್ ನೆತ್ತಿಯ ಮೇಲಿನಿಂದಲೇ ಬರಬೇಕು. ಪಕ್ಕದಿಂದ ಬರಬೇಕಾದರೆ ಇನ್ನೂ ಎಷ್ಟೋ ಕಿಲೋಮೀಟರ್ ಬಂಡೆಯನ್ನು ತೂರಬೇಕು, ಅದು ಅದರ ಅಳವಲ್ಲ. ಆದ್ದರಿಂದ ಅಡ್ಡಲಾಗಿ ಹಾಯುವ ಮ್ಯೂಆನ್ ಕಂಡರೆ, ಅದು ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದೆಂದೇ ಅರ್ಥ. ಅಂಥ ಕೆಲವು ಹೆಜ್ಜೆಗುರುತುಗಳು 1965ರಲ್ಲಿ ದೊರೆತವು. ಆ ವರ್ಷ ಆಗಸ್ಟ್ 15ರ 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಮತ್ತೊಂದು ಚಿನ್ನದ ಗಣಿಯಲ್ಲಿ ಅದೇ ರೈನ್ಸ್ ಅವರ ತಂಡ ಇದೇ ಕೆಲಸದಲ್ಲಿತ್ತು. ಅವರಿಗೆ ಮೊದಲ ಸುಳಿವು ಫೆಬ್ರವರಿಯಲ್ಲಿಯೇ ಸಿಕ್ಕಿತ್ತು. ಅವರ ವರದಿ ಅಚ್ಚಾದದ್ದು ಆಗಸ್ಟ್ 30ರಂದು. ಕಂಡದ್ದರಲ್ಲಿ ಅವರು ಮುಂದು, ಪ್ರಕಟಣೆಯಲ್ಲಿ ಕೋಲಾರ ಮುಂದು. ಕೀರ್ತಿಯನ್ನು ಇಬ್ಬರಿಗೂ ಹಂಚುವುದೇ ನ್ಯಾಯ.

ಎರಡನೆಯ ಪ್ರಶ್ನೆ ಇನ್ನೂ ಗಹನವಾದದ್ದು: ಪ್ರೋಟಾನ್ ಚಿರಂಜೀವಿಯೇ? ನ್ಯೂಕ್ಲಿಯಸ್ಸಿನಿಂದ ಹೊರಬಂದ ನ್ಯೂಟ್ರಾನ್ ಸುಮಾರು ಹದಿನೈದು ನಿಮಿಷ ಬಾಳಿ ಅಳಿಯುತ್ತದೆ. ಪ್ರೋಟಾನ್ ಅಳಿದುದನ್ನು ಕಂಡವರಿಲ್ಲ. ಆದರೆ ಅದೂ ಅಳಿಯಬೇಕು, ಅದರ ಆಯುಸ್ಸು 1ರ ಮುಂದೆ ಸುಮಾರು 30 ಸೊನ್ನೆಗಳನ್ನಿಟ್ಟಷ್ಟು ವರ್ಷ ಎಂದು 1970ರ ದಶಕದ ಕೆಲವು ಸಿದ್ಧಾಂತಗಳು ಹೇಳಿದವು. ಅಷ್ಟು ಕಾಲ ಕಾಯುವವರಾರು? ಕಾಯಬೇಕಾಗಿಲ್ಲ. ಒಂದೇ ಪ್ರೋಟಾನನ್ನು ಅಷ್ಟು ವರ್ಷ ನೋಡುವ ಬದಲು ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ನೋಡಿದರಾಯಿತು. 1980ರಲ್ಲಿ ಅದೇ ಆಳದಲ್ಲಿ ಕಬ್ಬಿಣದ ತಗಡುಗಳನ್ನೂ ಕಣಗಳನ್ನು ಗುರುತಿಸುವ ಕೊಳವೆಗಳನ್ನೂ ಪದರ ಪದರವಾಗಿ ಪೇರಿಸಿದ 140 ಟನ್ನಿನ ಶೋಧಕ ಕೆಲಸ ಆರಂಭಿಸಿತು. ಪ್ರೋಟಾನಿನ ಅಳಿವನ್ನೇ ಹುಡುಕಲು ಕಟ್ಟಿದ ದೊಡ್ಡ ಶೋಧಕಗಳಲ್ಲಿ ಮೊತ್ತಮೊದಲು ದುಡಿದವುಗಳಲ್ಲಿ ಅದೂ ಒಂದು. ಅಳಿವಿನ ಗುರುತಿರಬಹುದೆನಿಸಿದ ಕೆಲವು ಘಟನೆಗಳನ್ನು ಕೋಲಾರದ ತಂಡ 1980ರ ದಶಕದ ಮೊದಲಲ್ಲಿ ಪ್ರಕಟಿಸಿದಾಗ ಲೋಕದ ವಿಜ್ಞಾನಿಗಳು ಕಿವಿ ನಿಮಿರಿಸಿದರು. ಆದರೆ ಅಮೆರಿಕ ಮತ್ತು ಜಪಾನುಗಳಲ್ಲಿ ಸಾವಿರಾರು ಟನ್ ನೀರಿನಿಂದ ಕಟ್ಟಿದ ಶೋಧಕಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆಗಳಷ್ಟು ವರ್ಷಕ್ಕೂ ಮಿಕ್ಕದ್ದೆಂದು ಜಪಾನಿನ ಸೂಪರ್ ಕಾಮಿಯೊಕಾಂಡೆ ತೋರಿಸಿದೆ. ವಿಚಿತ್ರವೆಂದರೆ, ವಾಯುಮಂಡಲದ ನ್ಯೂಟ್ರಿನೊಗಳು ಕಂಡದ್ದು ಮೊದಲು ಚಿನ್ನದ ಗಣಿಗಳಲ್ಲಿ. ಅದೇ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆ, ಆದುದರಿಂದ ಅವುಗಳಿಗೂ ಭಾರವಿದೆ ಎಂಬುದು 1998ರಲ್ಲಿ ಸ್ಥಿರಪಟ್ಟದ್ದು ಇದೇ ಜಪಾನೀ ಶೋಧಕದಲ್ಲಿ. ಅದಕ್ಕೆ 2015ರ ನೊಬೆಲ್ ಪುರಸ್ಕಾರ ಸಂದಿತು.

ಕೋಲಾರದ ಪ್ರಯೋಗಗಳು 1990ರ ದಶಕದ ಮೊದಲ ವರ್ಷಗಳಲ್ಲಿ ಮುಗಿದವು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಲಾಯಿತು. ನೀರೆತ್ತುವ ಪಂಪುಗಳು ನಿಂತವು. ಆಳದ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು, ಮತ್ತು ಕೆಲಸ ಕಳೆದುಕೊಂಡ ಕುಟುಂಬಗಳು.

ಈ ಚರಿತ್ರೆಯಲ್ಲಿ ನಾವು ಮರೆಯಬಾರದ ಮಾತೊಂದಿದೆ. ವಿಜ್ಞಾನಿಗಳಿಗೆ ದೊರೆತ ಆ ಮೌನ ಪ್ರಕೃತಿಯ ಕೊಡುಗೆ ಮಾತ್ರವಲ್ಲ. 1880ರಿಂದ ನೂರಿಪ್ಪತ್ತು ವರ್ಷ, ಹಲವು ತಲೆಮಾರುಗಳ ಕಾರ್ಮಿಕರು ಅದನ್ನು ಅಡಿ ಅಡಿಯಾಗಿ ಅಗೆದು ಮಾಡಿದರು. ಅತಿ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಪ್ರಾಣ ಹೋಗುತ್ತಿತ್ತು. ಕಲ್ಲುಧೂಳಿನಿಂದ ಶ್ವಾಸಕೋಶ ಕೆಡುತ್ತಿತ್ತು. ಅವರು ಅಗೆದದ್ದು ಚಿನ್ನಕ್ಕಾಗಿ, ಆ ಚಿನ್ನವೂ ಅವರದಲ್ಲ. 1965ರ ಆ ವರದಿಯ ತಲೆಯಲ್ಲಿ ವಿಜ್ಞಾನಿಗಳ ಹೆಸರುಗಳಿವೆ, ಅದು ನ್ಯಾಯವೇ. ಆದರೆ ಅವರು ಇಳಿದ ಆ 2.3 ಕಿಲೋಮೀಟರ್ ಆಳವನ್ನು ಅಳೆದುಕೊಟ್ಟ ಕೈಗಳಿಗೆ ಎಲ್ಲಿಯೂ ಹೆಸರಿಲ್ಲ. ಪರಮಾಣುವಿನ ಚರಿತ್ರೆಯನ್ನು ನಮ್ಮ ಶಾಲೆಗಳಲ್ಲಿ ಹೇಳುವಾಗ ಥಾಮ್ಸನ್, ರುದರ್‌ಫರ್ಡ್, ಚಾಡ್ವಿಕ್ ಇವರ ಸಾಲಿನಲ್ಲಿ ಕೋಲಾರದ ಗಣಿಯನ್ನೂ ಹೇಳಬೇಕು. ಗಣಿಯನ್ನು ಹೇಳುವಾಗ ಅದನ್ನು ತೋಡಿದವರನ್ನೂ ಹೇಳಬೇಕು. ತಮ್ಮೂರಿನ ಪಕ್ಕದ ನೆಲದಡಿಯಲ್ಲಿ ಏನು ನಡೆಯಿತೆಂಬುದು ಈ ಜಿಲ್ಲೆಯ ಮಕ್ಕಳಿಗೆ ತಿಳಿಯುವುದು ಅವರ ಹಕ್ಕು.